ಒಬ್ಬಾಕೆಯ ಒಕ್ಕಲು

ನಮ್ಮ ಮನೆಯಲ್ಲೊಂದು ಗಾಜಿನ ಲೋಟಗಳ ಸೆಟ್ ಇದೆ. ಸೆಟ್ ಎಂದರೆ ಈಗ ಒಂದೇ ಲೋಟ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಾಗ ಆರಿದ್ದವು. ಒಂದೊಂದು ಹಬ್ಬಕ್ಕೆ ಒಂದೊಂದರಂತೆ ಕೈಜಾರಿ ಹೋಗಿ, ಅಂಚಿನ ಬಂಗಾರದ ಗೆರೆ ಮಾಸಿದ ಒಂದು ಮಾತ್ರ ಉಳಿದಿದೆ. ಆದರೂ ನೆಂಟರು ಬಂದರೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾಳೆ: "ರೀ, ಮ್ಯಾಲಿನ ಶೆಲ್ಫಿನಾಗಿರೋ ಸೆಟ್ ತಗೀರಿ." ಒಂದು ದಿನ ತಡೆಯಲಾರದೆ, "ಇದು ಸೆಟ್ ಅಲ್ಲ ಮಾರಾಯ್ತಿ, ಲೋಟ" ಎಂದೆ. ಆಕೆ ತಲೆಯೆತ್ತದೆ, "ಬರೀ ಲೋಟ ಆಗಿದ್ರೆ ದಿನಾ ಬಳಸೋ ಲೋಟದ ಜತಿ ಕೆಳಗಿರ್ತಿತ್ತು. ಸೆಟ್ ಆಗಿರೋದಕ್ಕೇ ಮ್ಯಾಲೈತೆ" ಎಂದಳು.

ಬೇರೆ ಯಾರಾದರೂ ಈ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಮಾತ್ರ ಅವತ್ತು ಊಟ ರುಚಿಸಲಿಲ್ಲ. ಯಾಕೆಂದರೆ ನಾನು ಗಣಿತದ ಮೇಷ್ಟ್ರು. ಒಂದೇ ಒಂದು ವಸ್ತು ಇದ್ದರೂ ಅದು ಸೆಟ್ಟೇ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ನನ್ನ ಬಲತೋಳು ಸವೆದಿದೆ. ಅದೇ ಮಾತನ್ನು ಹೆಂಡತಿ ಹೇಳಿದಳು ನೋಡಿ, ನಾನು ತಕ್ಷಣ ವಿರೋಧ ಪಕ್ಷ!

ಆದರೆ ಇದು ಸೋತ ಕಥೆಯಲ್ಲ ಸ್ವಾಮಿ, ಗೆದ್ದ ಕಥೆ. ಈ ಸಲದ ಆಷಾಢದಲ್ಲಿ, ನಮ್ಮ ಹುಟ್ಟೂರಿನ ಹೆಬ್ಬಾಗಿಲಾದ ಅಗಸೆಬಾಗಿಲಲ್ಲಿ, ಇಡೀ ಊರಿನ ಎದುರಿಗೆ ನಮ್ಮ ಗಣಶಾಸ್ತ್ರ, ಅಂದರೆ ಈ ಸೆಟ್ಟುಗಳ ಶಾಸ್ತ್ರ, ಗೆದ್ದಿತು. ಗೆದ್ದವಳು ನನ್ನ ಅಕ್ಕ ಹಾಲಮ್ಮ. ಪಕ್ಕದಲ್ಲಿ ನಿಂತು ಸಿಳ್ಳೆ ಹೊಡೆದವನು ನಾನು. ಇದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಾಗಂತ ಪೀಠಿಕೆ ಇಲ್ಲದೆ ಪಾಠಕ್ಕೆ ಇಳಿಯುವ ಅಭ್ಯಾಸವೂ ನನಗಿಲ್ಲ. ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಹುಟ್ಟಿದ್ದು ಜಗಳೂರಿನ ಕಡೆಯ ಒಂದು ಹಳ್ಳಿಯಲ್ಲಿ. ಮೇಷ್ಟ್ರಾಗಿದ್ದು ಚನ್ನಗಿರಿಯಲ್ಲಿ, ಬಹುಕಾಲ ಪಾಠ ಹೇಳಿದ್ದು ಹೊನ್ನಾಳಿಯಲ್ಲಿ, ನಿವೃತ್ತನಾಗಿ ಮನೆ ಕಟ್ಟಿಕೊಂಡಿದ್ದು ನ್ಯಾಮತಿಯಲ್ಲಿ. ಪಿಯುಸಿ ಗಣಿತದ ಮೊದಲ ಪಾಠವೇ ಗಣಗಳು, ಅಂದರೆ ಸೆಟ್‌ಗಳು. ಜೂನ್ ತಿಂಗಳು, ಹೊಸ ಮಕ್ಕಳು, ಪೋರ್ಷನ್ ಇನ್ನೂ ಹಿಂದೆ ಬಿದ್ದಿರುವುದಿಲ್ಲ, ಮೇಷ್ಟ್ರ ಮುಖದಲ್ಲೂ ಕಳೆ. ಅಂಥ ಗಳಿಗೆಯಲ್ಲಿ ನಾನು ಗಂಭೀರವಾಗಿ, "ಚೆನ್ನಾಗಿ ನಿರೂಪಿಸಲ್ಪಟ್ಟ ವಸ್ತುಗಳ ಸಂಗ್ರಹವೇ ಗಣ" ಎಂದು ಹೇಳುತ್ತಿದ್ದೆ. ಚನ್ನಗಿರಿಯಲ್ಲಿ ಮೊದಲ ವರ್ಷವೇ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಸಾರ್, ಚೆನ್ನಾಗಿ ಅಂದ್ರೆ ಎಷ್ಟು ಚೆನ್ನಾಗಿ ಸಾರ್?" ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ತತ್ತ್ವಜ್ಞಾನಿಗಳಿಗೂ ಸರಿಯಾಗಿ ಗೊತ್ತಿಲ್ಲ ಎಂದು ಆಮೇಲೆ ಓದಿ ತಿಳಿದಾಗ ಎಷ್ಟು ನೆಮ್ಮದಿಯಾಯಿತು ಅಂತೀರಿ!

ಜಗಳವಿರುವುದು ಇಲ್ಲಿ. ಒಂದು ಪಂಗಡದವರು ಹೇಳುತ್ತಾರೆ: ಮೊದಲು ವಸ್ತುಗಳು, ಅವು ಸೇರಿದರೆ ಗಣ. ಯಾರ್ಯಾರು ಒಳಗಿದ್ದಾರೆ ಎಂದು ಹೇಳಿಬಿಟ್ಟರೆ ಮುಗಿಯಿತು, ಬೇರೆ ಗುರುತು ಬೇಡ. ಇನ್ನೊಂದು ಪಂಗಡದವರು, ಇಲ್ಲ, ಮೊದಲು ಕಲ್ಪನೆ ಎನ್ನುತ್ತಾರೆ. "ಕೊಂಬಿರುವ ಟಗರು" ಎನ್ನುವ ಕಲ್ಪನೆ ನಮ್ಮ ತಲೆಯಲ್ಲಿದೆ, ಅದಕ್ಕೆ ಹೊಂದುವುದೆಲ್ಲ ತಾನಾಗಿಯೇ ಒಂದು ಗಣವಾಗುತ್ತದೆ ಎಂದು. ಕೇಳುವುದಕ್ಕೆ ಎರಡೂ ಸರಿಯೇ. ಆದರೆ ನಮ್ಮೂರ ಕುರಿ ಕಾಯುವವರನ್ನು ನೋಡಿ. ಮರಿ ಹುಟ್ಟುತ್ತದೆ, ಟಗರು ಸಂತೆಗೆ ಹೋಗುತ್ತದೆ, ಮುದಿ ಕುರಿ ಸಾಯುತ್ತದೆ. ಕೆಲವು ವರ್ಷಗಳಲ್ಲಿ ಹಳೆಯದೊಂದೂ ಉಳಿದಿರುವುದಿಲ್ಲ. ಆದರೂ "ನಮ್ಮಪ್ಪ ಕಾಯ್ತಿದ್ದ ಹಿಂಡೇ ಕಣ್ರಿ ಇದು" ಎನ್ನುತ್ತಾರೆ. ಮೊದಲ ಪಂಗಡದವರ ಲೆಕ್ಕದಲ್ಲಿ ಒಂದು ಮರಿ ಹುಟ್ಟಿದರೂ ಹಳೆ ಹಿಂಡು ಹೋಗಿ ಹೊಸ ಹಿಂಡು ಬಂದಂತೆ. ಆ ಮಾತನ್ನು ಕುರಿಯವರ ಮುಂದೆ ಹೇಳಿದರೆ ಕಂಬಳಿ ಹೊದೆಸಿ ನೆರಳಿಗೆ ಮಲಗಿಸುತ್ತಾರೆ, ಬಿಸಿಲಿಗೆ ಏನೋ ಆಗಿದೆ ಪಾಪ ಎಂದು.

ಅಷ್ಟು ದೂರ ಯಾಕೆ? ನಾನು ನ್ಯಾಮತಿಯಲ್ಲಿ ಮನೆ ಕಟ್ಟಿದಾಗ ಅದು ಹೊನ್ನಾಳಿ ತಾಲ್ಲೂಕು. ಆಮೇಲೆ ನ್ಯಾಮತಿಯೇ ತಾಲ್ಲೂಕಾಯಿತು. ನನ್ನ ಮನೆ ಕದಲಲಿಲ್ಲ, ತೆಂಗಿನ ಸಸಿಯೂ ಕದಲಲಿಲ್ಲ, ತಾಲ್ಲೂಕೇ ಬಂದು ನಮ್ಮ ಮೇಲೆ ಕೂತಿತು. ಸವಳಂಗದ ಕಡೆಯವರು ನಮ್ಮ ಜೊತೆ ಬಂದರು. ಹಾಗಾದರೆ ಉಳಿದ ಹೊನ್ನಾಳಿ, ಹಳೆ ಹೊನ್ನಾಳಿಯೇ? ಊರುಗಳ ಲೆಕ್ಕದಲ್ಲಿ ಖಂಡಿತ ಅಲ್ಲ. ಆದರೆ ಅಲ್ಲಿನ ನನ್ನ ಹಳೆ ಶಿಷ್ಯರನ್ನು ಕೇಳಿದರೆ, "ಹೊನ್ನಾಳಿ ಹೊನ್ನಾಳೀನೇ ಸಾರ್, ಬಿಟ್ಟು ಹೋದೋರು ನೀವು" ಎಂದು ನನಗೇ ತಿರುಗಿಸುತ್ತಾರೆ.

ಕಲ್ಪನೆ ಮೊದಲು ಎನ್ನುವವರ ಪಾಡು ಇನ್ನೂ ಮಜವಾಗಿದೆ. ಅವರಿಗೆ ಹೇಳಿ ಮಾಡಿಸಿದ ಪೆಟ್ಟು ಹೊನ್ನಾಳಿಯ ಸ್ಟಾಫ್ ರೂಮಿನಲ್ಲೇ ಸಿಕ್ಕಿತ್ತು. ಅಲ್ಲಿ ಎರಡು ಗುಂಪುಗಳಿದ್ದವು. ಯಾಕಿದ್ದವು ಎಂದು ಎರಡೂ ಗುಂಪಿನವರಿಗೆ ಮರೆತುಹೋಗಿತ್ತು. ಯಾವುದಕ್ಕೂ ಸೇರದ ನಾವು ಮೂರ್ನಾಲ್ಕು ಜನ ಕಿಟಕಿಯ ಹತ್ತಿರ ಕೂತು ಚಹಾ ಕುಡಿಯುತ್ತಿದ್ದೆವು. ನೋಡುತ್ತ ನೋಡುತ್ತ ನಮಗೆ "ಯಾವ ಗುಂಪಿಗೂ ಸೇರದವರ ಗುಂಪು" ಎಂದು ಹೆಸರಾಯಿತು. ಅವತ್ತಿನಿಂದ ನನ್ನ ತಲೆ ಕೆಟ್ಟಿತು. ನಾನು ಈ ಗುಂಪಿನವನೇ? ಹೌದೆಂದರೆ ಒಂದು ಗುಂಪಿಗೆ ಸೇರಿದವನಾದೆ, ಹಾಗಾಗಿ ಇದರಲ್ಲಿ ಇರುವಂತಿಲ್ಲ. ಅಲ್ಲವೆಂದರೆ ಯಾವ ಗುಂಪಿಗೂ ಸೇರದವನಾದೆ, ಹಾಗಾಗಿ ಇದರಲ್ಲೇ ಇರಬೇಕು! ಒಳಗೆ ಹೋದರೆ ಹೊರಗೆ ಬೀಳುತ್ತೇನೆ, ಹೊರಗೆ ನಿಂತರೆ ಒಳಗೆ ಬೀಳುತ್ತೇನೆ. ಚಹಾ ಆರಿಹೋಗುತ್ತಿತ್ತು. ಇದಕ್ಕಿಂತ ದೊಡ್ಡದಲ್ಲದ ಒಂದು ಸಿಕ್ಕಿನಿಂದಲೇ ಹಿಂದೊಮ್ಮೆ ಗಣಶಾಸ್ತ್ರದ ಬುಡ ಅಲ್ಲಾಡಿತ್ತಂತೆ. ಬಾಯಿಗೆ ಬಂದ ಕಲ್ಪನೆಗೆಲ್ಲ ಗಣ ಕೊಡಲಾಗದು, ಮೊದಲು ಕೈಯಲ್ಲಿ ಏನಿದೆ ತೋರಿಸು, ಆಮೇಲೆ ಅದರೊಳಗಿಂದ ಆರಿಸಿಕೋ ಎಂದು ಹಿರಿಯರು ಬೇಲಿ ಹಾಕಿದ್ದು ಆಮೇಲೆಯೇ.

ಗಣ ಎನ್ನುವ ಪದವೂ ನಮ್ಮಲ್ಲಿ ಸಾಮಾನ್ಯದ್ದಲ್ಲ. ಗಣಪತಿ ಗಣಗಳಿಗೆ ಒಡೆಯ. ಛಂದಸ್ಸಿನ ಗಣಗಳನ್ನು ಬೆರಳು ಮಡಿಸಿ ಎಣಿಸುತ್ತೇವೆ. ಇನ್ನು ಜಾತಕದಲ್ಲಿ ಮೂರು ಗಣ: ದೇವಗಣ, ಮನುಷ್ಯಗಣ, ರಾಕ್ಷಸಗಣ. ಅಕ್ಕ ಹಾಲಮ್ಮನದು ಮಘಾ ನಕ್ಷತ್ರ, ಹಾಗಾಗಿ ರಾಕ್ಷಸಗಣ. ಬಂದ ಗಂಡುಗಳೆಲ್ಲ ಗಣ ಕೂಡಲಿಲ್ಲ ಎಂದು ಹೇಳಿ ಹೋದರು. ಒಂದು ನಕ್ಷತ್ರಕ್ಕೆ ಯಾರೋ ಹಚ್ಚಿದ ಹೆಸರು ಒಬ್ಬ ಹೆಣ್ಣುಮಗಳ ಬದುಕಿನ ಗೆರೆಯನ್ನೇ ಬದಲಿಸಿತಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಅಕ್ಕನಿಗೆ ಬರುವುದಿಲ್ಲ. "ರಾಕ್ಷಸರಿಗೂ ಮದ್ವಿ ಆಗಿತ್ತಲ್ಲೋ ತಮ್ಮ, ನನಗೇ ಆಗ್ಲಿಲ್ಲ ನೋಡು" ಎಂದು ನಗುತ್ತಾಳೆ.

ಅಕ್ಕ ಇದ್ದದ್ದು ನಮ್ಮ ಅಣ್ಣನ ಮನೆಯಲ್ಲಿ. ಊರ ಹೆಂಗಸರ ರವಿಕೆಗಳನ್ನೆಲ್ಲ ಹೊಲಿದು, ಅಣ್ಣನ ಮಕ್ಕಳನ್ನು ಬೆಳೆಸಿ, ಅವರ ಮದುವೆಗೂ ಓಡಾಡಿ, ಅರವತ್ತು ದಾಟಿದ ಮೇಲೆ ಒಂದು ದಿನ, "ಹಿತ್ತಲಾಗಿನ ಕೊಟ್ಟಿಗಿ ನನಗೆ ಬಿಟ್ಟುಕೊಡಣ್ಣ" ಎಂದಳು. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಕ್ಕ ತನ್ನ ಹೊಲಿಗೆಯ ದುಡಿಮೆಯಲ್ಲಿ ಅದಕ್ಕೆ ಶೀಟು ಹಾಕಿಸಿ, ಗಾರೆ ನೆಲ ಮಾಡಿಸಿ, ಹಿಂದಿನ ಓಣಿಗೆ ಒಂದು ಬಾಗಿಲಿಟ್ಟು, ಒಲೆ ಹೂಡಿ, ಹೊಲಿಗೆ ಮಷಿನ್ನನ್ನು ಕಿಟಕಿಗೆ ಒತ್ತಿ ಇಟ್ಟುಕೊಂಡು ಇರತೊಡಗಿದಳು. ಅಣ್ಣನೊಂದಿಗೆ ಜಗಳವೇನಿಲ್ಲ, ಅತ್ತಿಗೆಯೊಂದಿಗೂ ಇಲ್ಲ. ತನ್ನದೊಂದು ಬಾಗಿಲು ಬೇಕಿತ್ತು, ಅಷ್ಟೇ.

ಆಷಾಢದಲ್ಲಿ ನಮ್ಮ ಕಡೆ ಹೋಳಿಗೆಮ್ಮನ ಹಬ್ಬ. ಹೊಸ ಮೊರದಲ್ಲಿ ಹೋಳಿಗೆ, ಬೇವಿನ ಸೊಪ್ಪು, ಅರಿಶಿನ ಕುಂಕುಮ, ಹಸಿರು ಬಳೆ ಇಟ್ಟು, ರೋಗರುಜಿನ ಊರೊಳಗೆ ಬಾರದಿರಲಿ ಎಂದು ಊರ ಗಡಿಯಾಚೆ ಇಟ್ಟು ಬರುವುದು. ನಮ್ಮೂರಿನ ಪದ್ಧತಿ ಏನೆಂದರೆ ಮನೆಗೊಂದೇ ಮೊರ. ಎಲ್ಲರೂ ಅಗಸೆಬಾಗಿಲಲ್ಲಿ ಸೇರಬೇಕು. ಊರ ಗೌಡರು ಒಂದೊಂದು ಮನೆಯ ಹೆಸರು ಹಿಡಿದು ಕೂಗುತ್ತಾರೆ, ಆ ಮನೆಯ ಹೆಣ್ಣುಮಗಳು "ಬಂದೈತೆ!" ಎಂದು ಕೂಗಿ ಮೊರ ಹೊತ್ತು ಮುಂದೆ ಬರುತ್ತಾಳೆ. ಗೌಡರು ಕೂಗಿದ ಮನೆ ಊರಿನ ಒಕ್ಕಲು. ಕೂಗದಿದ್ದುದು ಅಲ್ಲ. ಸರ್ಕಾರ ಮನೆ ನಂಬರು ಕೊಡಲಿ, ಕರೆಂಟಿನ ಮೀಟರ್ ಕೂರಿಸಲಿ, ನಮ್ಮೂರಿಗೆ ಆ ಕೂಗೇ ಪ್ರಮಾಣ.

"ಹಬ್ಬಕ್ಕೆ ಒಂದಿನ ಮುಂಚೆ ಬಾ" ಎಂದು ಅಕ್ಕ ಫೋನು ಮಾಡಿದಳು. ದನಿಯಲ್ಲಿ ಏನೋ ಇತ್ತು. ಹೊನ್ನಾಳಿ, ದಾವಣಗೆರೆ ಎಂದು ಬಸ್ಸು ಬದಲಿಸಿ ಜಗಳೂರು ಮುಟ್ಟಿ ಊರಿಗೆ ಹೋದೆ. ದಾರಿಯುದ್ದಕ್ಕೂ ಮೆಕ್ಕೆಜೋಳ ಮೊಣಕಾಲುದ್ದ ಎದ್ದು ನಿಂತಿತ್ತು. ಅಕ್ಕ ನೀರು ಕೊಟ್ಟು ನೇರ ವಿಷಯಕ್ಕೆ ಬಂದಳು.

"ಈ ವರ್ಸ ನನ್ನ ಮನೇದು ಬ್ಯಾರೆ ಮೊರ ಅಂತ ಗೌಡ್ರಿಗೆ ಹೇಳಿ ಕಳ್ಸಿದ್ದೆ. ಆಗಲ್ಲ ಅಂದ್ರಂತೆ. ಒಬ್ಬಾಕಿ ಇದ್ರೆ ಅದು ಒಕ್ಕಲಾಗಲ್ಲ ಅಂತೆ."

"ಅತ್ತಿಗೆ ಏನಂತಾರೆ?"

"ಅತ್ತಿಗಿ ಪಾಪ ಒಳ್ಳೇದೇ ಹೇಳ್ತಾಳೆ. ನಮ್ಮ ಮೊರದಾಗೇ ನಿನ್ನವೂ ಎರಡು ಹೋಳಿಗಿ ಇಡ್ತೀನಿ ಬಿಡು ಅಂತಾಳೆ. ಆ ಮೊರದಾಗೆ ಹೋದ್ರೆ ಅದು ಅವ್ರ ಮನೇದಾತಲ್ಲೋ. ನಾನು ಹುಟ್ಟಿದಾಗಿಂದ ಅವ್ರಿವ್ರ ಮೊರದಾಗೇ ಹೋಗೀನಿ. ಒಂದು ಸಲ ಆದ್ರೂ ನನ್ನ ಹೆಸ್ರು ಕೂಗ್ಲಿ ಅಂತ ಆಸೆ ತಮ್ಮ."

ಅಕ್ಕ ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ. ಎದ್ದು ಮೊದಲು ಅಣ್ಣನ ಹತ್ತಿರ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. "ನೀನೂ ಸುರು ಮಾಡ್ಬ್ಯಾಡ" ಎಂದ ನಾನು ಬಾಯಿ ತೆರೆಯುವ ಮೊದಲೇ. "ಆಕಿ ಬ್ಯಾರೆ ಒಕ್ಕಲು ಅಂತ ಕೂಗಿದ್ರೆ ಊರೋರು ಏನಂತಾರೆ? ವಯಸ್ಸಾದ ತಂಗೀನ ಹೊರಗೆ ಹಾಕ್ದ ಅಂತಾರೆ. ನಾನೇನ್ ಹೊರಗೆ ಹಾಕೀನೇನೋ?" ಅವನಿಗೂ ನೋವಾಗಿತ್ತು. ಇಬ್ಬರೂ ಒಳ್ಳೆಯವರಾದರೆ ಜಗಳ ಬಿಡಿಸುವುದು ಬಲು ಕಷ್ಟ ನೋಡಿ.

ಉಳಿದವರು ಗೌಡರು. ವರ್ಷದಲ್ಲಿ ಈ ಒಂದು ದಿನ ಬಿಟ್ಟರೆ ಅವರ ಗೌಡಿಕೆ ಉಳಿದಿರುವುದು ಮೀಸೆಯಲ್ಲಿ ಮಾತ್ರ. ಸಂಜೆ ಕಟ್ಟೆಯ ಮೇಲೆ ನಾಲ್ಕು ಜನರೊಂದಿಗೆ ಕೂತಿದ್ದರು. ನನಗೆ ಭಾರಿ ಹುರುಪು. ಇಷ್ಟು ವರ್ಷ ಕಲಿಸಿದ ವಿದ್ಯೆ ಇಂದಲ್ಲದೆ ಇನ್ಯಾವತ್ತಿಗೆ? ಕಡ್ಡಿ ತೆಗೆದುಕೊಂಡು ಧೂಳಿನಲ್ಲಿ ಒಂದು ಪುಷ್ಪಾವರಣ ಬರೆದೆ. ಪುಷ್ಪಾವರಣ ಎಂದರೆ ಗಣವನ್ನು ಸುತ್ತುವ, ನಡುವೆ ಮೂತಿ ಚೂಪಾದ ಆ ಜೋಡಿ ಬ್ರಾಕೆಟ್ಟು. ಅದರ ನಡುವೆ ಒಂದು ಚುಕ್ಕೆ ಇಟ್ಟೆ.

"ಗೌಡ್ರೇ, ಈ ಚುಕ್ಕೆ ಬೇರೆ. ಚುಕ್ಕೆ ಇರುವ ಈ ಆವರಣ ಬೇರೆ. ಒಂದೇ ಅಂಶವಿದ್ದರೂ ಗಣ ಗಣವೇ. ಇದಕ್ಕೆ ಏಕಾಂಶ ಗಣ ಅಂತ ಹೆಸರು."

ಗೌಡರು ಬಗ್ಗಿ ನೋಡಿದರು. "ಇದೇನ್ರೀ ಮೇಷ್ಟ್ರೇ, ಕುರಿ ರೊಪ್ಪನಾ?"

"ಹಾಗೇ ಅಂದುಕೊಳ್ಳಿ, ಕುರಿ ಕೂಡುವ ದೊಡ್ಡಿ."

"ಒಂದು ಕುರಿಗೆ ಯಾರಾದ್ರೂ ರೊಪ್ಪ ಹಾಕ್ತಾರೇನ್ರೀ?"

ಕಟ್ಟೆಯೆಲ್ಲ ಹೋ ಎಂದು ನಕ್ಕಿತು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಕೋಳಿಯೊಂದು ನನ್ನ ಏಕಾಂಶ ಗಣವನ್ನು ಕೆದರಿ, ಚುಕ್ಕೆಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಕುಕ್ಕಿ ನೋಡಿ ಹೋಯಿತು. ಗೌಡರು ಮೆತ್ತಗೆ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ. ಹಾಲಮ್ಮ ಬ್ಯಾರೆ ಅಲ್ಲ, ಆಕಿ ಮನೆ ಬ್ಯಾರೆ ಅಲ್ಲ. ಒಬ್ಬಾಕಿ ಅಂದ್ರೆ ಆಕಿನೇ. ಮನೆ ಅಂದ್ರೆ ನಾಕು ಮಂದಿ ಇರ್ಬೇಕು."

ನಿಜ ಹೇಳುತ್ತೇನೆ, ಗೌಡರು ಆಡಿದ್ದು ದಡ್ಡ ಮಾತಲ್ಲ. ಒಂದು ವಸ್ತು, ಅದೊಂದೇ ಇರುವ ಗಣ, ಇವೆರಡರ ನಡುವೆ ಏನು ವ್ಯತ್ಯಾಸ ಎಂದು ಕೇಳಿ ಕೇಳಿ ತತ್ತ್ವಜ್ಞಾನಿಗಳೂ ತಲೆ ಕೆರೆದುಕೊಂಡಿದ್ದಾರೆ. ಬಹಳ ವಸ್ತುಗಳು ಸೇರಿದರೆ ಒಂದು ಹೊಸದು ಆಗುತ್ತದೆ ಎಂದರೆ ಒಪ್ಪಬಹುದು. ಒಂದು ವಸ್ತು ಯಾರೊಂದಿಗೆ ಸೇರೀತು? ಸುತ್ತ ಎರಡು ಬ್ರಾಕೆಟ್ಟು ಹಾಕಿದ ಮಾತ್ರಕ್ಕೆ ಲೋಕದಲ್ಲಿ ಒಂದು ಹೊಸ ವಸ್ತು ಹುಟ್ಟಿತೇ? ಇದನ್ನೆಲ್ಲ ಓದುವಾಗ ನನಗೆ ಖುಷಿಯಾಗುತ್ತಿತ್ತು. ಅವತ್ತು ಸಂಜೆ ಖುಷಿಯಾಗಲಿಲ್ಲ. ಆ ಎರಡು ಬ್ರಾಕೆಟ್ಟುಗಳ ನಡುವೆ ಕೂತಿದ್ದವಳು ನನ್ನ ಅಕ್ಕ.

ಹಿಂದಿರುಗಿದಾಗ ಅಕ್ಕ ಬೇಳೆ ಆರಿಸುತ್ತಿದ್ದಳು. ಮೊರ ಕೂಗಿಸಿಕೊಳ್ಳಲಿ ಬಿಡಲಿ, ಹೋಳಿಗೆಯನ್ನಂತೂ ಮಾಡಲೇಬೇಕಲ್ಲ. "ಏನಾತೋ?" ಎಂದಳು. ಕೋಳಿಯ ವಿಷಯವನ್ನೂ ಬಿಡದೆ ಎಲ್ಲ ಹೇಳಿದೆ. ಅವಳು ಕೋಳಿಗೆ ನಕ್ಕು ಮತ್ತೆ ಬೇಳೆಗೆ ಕೈ ಹಾಕಿದಳು. ಮೇಷ್ಟ್ರ ಬಾಯಿ, ನಾನು ಹೇಳುತ್ತಲೇ ಹೋದೆ.

"ಇವ್ರು ಒಬ್ಬರಿದ್ರೆ ಆಗಲ್ಲ ಅಂತಾರೆ ಅಕ್ಕ. ನಮ್ಮ ಶಾಸ್ತ್ರದಲ್ಲಿ ಯಾರೂ ಇಲ್ಲದಿದ್ರೂ ಗಣವೇ. ಅದಕ್ಕೆ ಶೂನ್ಯ ಗಣ ಅಂತಾರೆ. ಒಳಗೆ ಏನೂ ಇಲ್ಲ, ಆದರೂ ಲೆಕ್ಕಕ್ಕೆ ಒಂದು."

ಅಕ್ಕನ ಕೈ ನಿಂತಿತು. "ಏನಂದಿ? ಯಾರೂ ಇಲ್ದಿದ್ರೂ ಲೆಕ್ಕಕ್ಕೈತಾ?"

"ಐತೆ ಮತ್ತೆ! ಆವರಣ ಇದ್ದರೆ ಸಾಕು."

ಅಕ್ಕ ಬೇಳೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನ ಮೊಣಕಾಲಿಗೆ ಹೊಡೆದಳು. "ಗೌಡ್ರ ತಮ್ಮನ ಮನೆ ಕಣೋ!"

ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಇಬ್ಬರೂ ನಕ್ಕ ನಗುವಿಗೆ ಅತ್ತಿಗೆ ಹಿತ್ತಲಿಂದ, "ಏನಾತ್ರೀ?" ಎಂದು ಕೂಗಿದರು. ಗೌಡರ ತಮ್ಮ ತಿಪ್ಪಣ್ಣ ಸಂಸಾರ ಸಮೇತ ದಾವಣಗೆರೆಗೆ ಹೋಗಿ ಅಂಗಡಿ ಇಟ್ಟು ಎಷ್ಟೋ ವರ್ಷವಾಗಿದೆ. ಇಲ್ಲಿನ ಮನೆಯ ಬೀಗಕ್ಕೂ ತುಕ್ಕು ಹಿಡಿದಿದೆ. ಆದರೆ ಪ್ರತಿವರ್ಷ ಹೋಳಿಗೆಮ್ಮನ ಹಬ್ಬಕ್ಕೆ ಗೌಡರು "ತಿಪ್ಪಣ್ಣರ ಮನೆ" ಎಂದು ಕೂಗುತ್ತಾರೆ. ಮೈದುನನ ಮನೆ ಊರಲ್ಲಿ ಇಲ್ಲವಾಗಬಾರದು ಎಂದು ಗೌಡರ ಹೆಂಡತಿಯೇ ಎರಡನೆಯ ಮೊರವೊಂದನ್ನು ತಯಾರಿಸಿ ತರುತ್ತಾರೆ. ನಮ್ಮೂರಲ್ಲಿ ಸಾಕ್ಷಾತ್ ಶೂನ್ಯ ಗಣ ಬೀಗ ಹಾಕಿಕೊಂಡು ನಿಂತಿದೆ, ವರ್ಷಾ ವರ್ಷಾ ಹೋಳಿಗೆ ಕಳಿಸುತ್ತಿದೆ, ನಾನು ಹೋಗಿ ಧೂಳಿನಲ್ಲಿ ಚುಕ್ಕೆ ಬರೆದು ಬಂದೆ!

"ನಾಳೆ ನಾನೇ ಹೇಳ್ತೀನಿ ಗೌಡ್ರಿಗೆ" ಎಂದೆ.

"ನೀನು ಸುಮ್ನಿರು. ಮತ್ತೆ ಕಡ್ಡಿ ತಗಂಡು ಕುಂದುರ್ತೀಯ" ಎಂದಳು ಅಕ್ಕ. "ಮನೆ ನಂದು. ನಾನೇ ಕೇಳ್ತೀನಿ."

ಮರುದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಗಸೆಯ ಮುಂದೆ ಊರೆಲ್ಲ ಸೇರಿತ್ತು. ಹೆಂಗಸರ ತಲೆಯ ಮೇಲೆ ಮೊರ, ಮೊರದಲ್ಲಿ ಬೇವು, ಗಾಳಿಯಲ್ಲಿ ಬೆಲ್ಲ ಏಲಕ್ಕಿಯ ವಾಸನೆ. ಅಕ್ಕ ಹಸಿರು ಸೀರೆಯುಟ್ಟು ತನ್ನ ಮೊರ ಹೊತ್ತು ಬಂದಾಗ ಕೆಲವರು ಗುಸುಗುಸು ಎಂದರು. ಅಣ್ಣ ಅತ್ತಿಗೆಯ ಪಕ್ಕ ನಿಂತು ನೆಲ ನೋಡುತ್ತಿದ್ದ. ಗೌಡರು ಮೀಸೆ ತೀಡಿ ಶುರು ಮಾಡಿದರು. ಒಂದೊಂದು ಹೆಸರು, ಒಂದೊಂದು "ಬಂದೈತೆ!" ಅಣ್ಣನ ಮನೆಯೂ ಆಯಿತು. ಆಮೇಲೆ, "ತಿಪ್ಪಣ್ಣರ ಮನೆ!"

"ಬಂದೈತೆ!" ಎಂದರು ಗೌಡರ ಹೆಂಡತಿ, ಎರಡನೆಯ ಮೊರವನ್ನು ಮುಂದಿಡುತ್ತ.

"ಗೌಡ್ರೇ, ಒಂದ್ ಮಾತು" ಎಂದಳು ಅಕ್ಕ. ದನಿ ನಡುಗಲಿಲ್ಲ. "ಆ ಮನ್ಯಾಗೆ ಯಾರದಾರ್ರೀ?"

"ಯಾರೂ ಇಲ್ಲವ್ವ. ಬೀಗ ಹಾಕೈತೆ. ನಿನಗೆ ಗೊತ್ತಿಲ್ಲೇನು?"

"ಗೊತ್ತೈತ್ರೀ. ಅದಕ್ಕೇ ಕೇಳ್ದೆ. ಯಾರೂ ಇಲ್ದಿರೋದು ಒಂದು ಮನೆ, ನಾನಿರೋದು ಮನೆ ಅಲ್ಲ. ಹಂಗಾದ್ರೆ ನಾನು ಸತ್ತು ಮನೆ ಖಾಲಿ ಆದ ಮ್ಯಾಲೆ ಕೂಗ್ತೀರಾ ಗೌಡ್ರೇ?"

ಗೌಡರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಗಣಶಾಸ್ತ್ರದ ಬುಡ ಅಲ್ಲಾಡಿದಾಗ ಅದರ ಹಿರಿಯರ ಮುಖವೂ ಹೀಗೇ ಇದ್ದಿರಬೇಕು. ಕೊನೆಗೆ ಅವರೂ ಒಂದು ಬೇಲಿ ಹಾಕಲು ನೋಡಿದರು: "ಹಂಗಾದ್ರೆ ಹಿಂಗ್ ಮಾಡಾಣ. ಒಲಿ ಉರಿಯೋ ಮನೆ ಅಷ್ಟೇ ಮನೆ."

"ಏನಂದ್ರಿ?" ಗೌಡರ ಹೆಂಡತಿ ತಿರುಗಿದರು. "ಒಲಿ ಉರಿಯೋದಷ್ಟೇ ಮನೆ ಆದ್ರೆ ಈ ಮೊರ ಏನ್ ಮಾಡ್ಲಿ? ನಿಮ್ಮ ತಲಿ ಮ್ಯಾಲೆ ಇಡ್ಲಾ? ನಮ್ಮ ಮೈದ್ನನ ಹೆಸ್ರು ಬಿಟ್ರೆ ನೋಡ್ರಿ ಮತ್ತೆ! ಹಾಲಮ್ಮನ್ನೂ ಕೂಗ್ರಿ, ಇದನ್ನೂ ಕೂಗ್ರಿ. ನಿಮ್ಮ ಗಂಟೇನು ಹೋಗ್ತೈತೆ?"

ಹೆಂಗಸರ ಕಡೆಯಿಂದ ನಗು ಎದ್ದಿತು. ಹಿಂದಿನಿಂದ ಯಾರೋ ಒಬ್ಬ, "ಹಂಗಾದ್ರೆ ಜಗಲಿ ಮ್ಯಾಲಿನ ನನ್ನ ಮಂಚಾನೂ ಒಂದು ಮನೆ ಗೌಡ್ರೇ, ಹೆಂಡ್ರು ಮಾತು ಬಿಟ್ಟು ತಿಂಗ್ಳಾತು" ಎಂದ. "ಮೊದ್ಲು ಹೋಳಿಗಿ ತೋರ್ಸಲೇ, ಆಮ್ಯಾಲೆ ಮನೆ" ಎಂದು ಗೌಡರು ಗದರಿಸಿದರು. ಮೊದಲು ಇರುವುದನ್ನು ತೋರಿಸು, ಆಮೇಲೆ ಗಣ ಕೇಳು! ಪುಸ್ತಕದಲ್ಲಿ ಪುಟಗಟ್ಟಲೆ ಬರೆದದ್ದನ್ನು ಗೌಡರು ಒಂದು ಗದರಿಕೆಯಲ್ಲಿ ಮುಗಿಸಿದರು. ನಾನಿದ್ದಲ್ಲೇ ಕುಣಿಯುವುದೊಂದು ಬಾಕಿ.

ಗೌಡರು ಅಕ್ಕನ ಮೊರವನ್ನು ನೋಡಿದರು. ಹೋಳಿಗೆ ಇತ್ತು. ಗಂಟಲು ಸರಿಮಾಡಿಕೊಂಡರು. ನಮ್ಮೂರಿನ ಮನೆಗಳಿಗೆಲ್ಲ ಅಪ್ಪನದೋ ಅಜ್ಜನದೋ ಹೆಸರು. ಅಕ್ಕನ ಮನೆಗೆ ಯಾರ ಹೆಸರು? ಅವರು ಒಂದು ಗಳಿಗೆ ತಡೆದು, ತಲೆಯೆತ್ತಿ, ಅಗಸೆ ನಡುಗುವಂತೆ ಕೂಗಿದರು:

"ಹಾಲಮ್ಮರ ಮನೆ!"

"ಬಂದೈತೆ!"

ಆ ದನಿ ಜಗಳೂರಿಗೂ ಕೇಳಿಸಿರಬೇಕು. ನಾನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ನಿವೃತ್ತ ಮೇಷ್ಟ್ರು ಮಾಡುವ ಕೆಲಸವಲ್ಲ, ಆದರೆ ನನ್ನ ವಿದ್ಯೆ ಒಬ್ಬರ ಬದುಕಿಗೆ ಆಗಿಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಶೂನ್ಯ ಗಣಕ್ಕೆ ಅಂಕ ತೆಗೆದಿದ್ದಾರೆ. ಅದರಿಂದ ಮನೆ ತೆಗೆದವಳು ನಮ್ಮಕ್ಕ ಒಬ್ಬಳೇ. ತಮಟೆ ಜೋರಾಯಿತು. ಅಕ್ಕ ಮೊರ ಹೊತ್ತು ಎಲ್ಲರ ನಡುವೆ ಗಡಿಯ ಕಡೆ ಹೋದಳು. ಸೆರಗು ನೆಟ್ಟಗಿತ್ತು, ಕತ್ತು ಅದಕ್ಕಿಂತ ನೆಟ್ಟಗಿತ್ತು.

ಸಂಜೆ ನಾನು ಅಕ್ಕನ ಒಲೆಯ ಪಕ್ಕ ಕೂತು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದೆ. ಗೆದ್ದ ಮೇಲೂ ಒಂದು ಅಳುಕು ಉಳಿದಿತ್ತು. ಅಗಸೆಯಲ್ಲಿ ಅಣ್ಣ ಒಂದು ಮಾತೂ ಆಡದೆ ಹೊರಟುಹೋಗಿದ್ದ. ಸಾಮಾನ್ಯವಾಗಿ ಅವನು ಈ ಹೊತ್ತಿಗೆ ಹಿತ್ತಲ ಕಡೆಯ ಬಾಗಿಲು ದೂಡಿಕೊಂಡು ಬಂದು, ಹೇಳದೆ ಕೇಳದೆ ಒಲೆಯ ಮುಂದೆ ಕೂತು, "ಟೀ ಇಡು" ಎನ್ನುವವನು. ಅಕ್ಕ ಎರಡು ಸಲ ಆ ಬಾಗಿಲ ಕಡೆ ನೋಡಿದಳು.

ಅವನು ಬಂದ. ಹಿತ್ತಲಿಂದಲ್ಲ. ಊರು ಸುತ್ತಿಕೊಂಡು ಹಿಂದಿನ ಓಣಿಗೆ ಬಂದು, ಅಕ್ಕನ ಮನೆಯ ಮುಂಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಚೌಕಟ್ಟು ಹಿಡಿದು ನಿಂತ. ಹೊಸ ಅಂಗಿ ಹಾಕಿದ್ದ.

"ಹಾಲವ್ವಾ, ಒಳಗೆ ಬರ್ಲೇನವ್ವಾ?"

ನನ್ನ ಕೈಯಲ್ಲಿನ ಹೋಳಿಗೆ ಅಲ್ಲೇ ನಿಂತಿತು. ಗಣ ಎಂದರೇನು ಎಂಬುದಕ್ಕೆ ಇಷ್ಟು ಚೆನ್ನಾದ ನಿರೂಪಣೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಒಳಗೆ ಎಷ್ಟು ಜನರಿದ್ದಾರೆ ಎಂಬುದು ಬೇರೆ ಮಾತು. ಹೊರಗೆ ನಿಂತವನು ಒಳಗೆ ಬರಲೇ ಎಂದು ಕೇಳಿದನಲ್ಲ, ಅಲ್ಲಿಗೆ ಒಂದು ಒಳಗು ಆಯಿತು.

ಅಕ್ಕ ಏಳಲಿಲ್ಲ. ಕಣ್ಣಂಚಿನಲ್ಲಿ ನನ್ನನ್ನು ನೋಡಿ, ಗಂಭೀರವಾಗಿ ಕೇಳಿದಳು: "ಯಾರ್ರೀ ಅದು? ಯಾವ ಮನೇರು?"

ಅಣ್ಣ ಒಂದು ಕ್ಷಣ ಬೆಪ್ಪಾದ. ಆಮೇಲೆ ಅವನ ಮುಖ ಸಡಿಲಾಯಿತು. ಕಂಕುಳಲ್ಲಿದ್ದ ಕೈಚೀಲವನ್ನು ಮುಂದೆ ಹಿಡಿದ. ಅದರಲ್ಲಿ ತೆಂಗಿನಕಾಯಿ, ಬಳೆ, ಅತ್ತಿಗೆ ಕೊಟ್ಟ ಕುಪ್ಪಸದ ಕಣ ಇದ್ದವು.

"ನಿನ್ನ ತವರುಮನೇರವ್ವ" ಎಂದ. "ಪಂಚಮಿ ಬಂತಲ್ಲ, ಕರ್ಯಾಕೆ ಬಂದೀನಿ."

ನಾಗರ ಪಂಚಮಿಗೆ ಅಣ್ಣಂದಿರು ಬಂದು ಕರೆದೊಯ್ಯುವುದು ಕೊಟ್ಟ ಹೆಣ್ಣುಮಕ್ಕಳನ್ನು. ಮನೆ ಬಿಟ್ಟು ಹೋಗದವಳನ್ನು ಎಲ್ಲಿಂದ ಕರೆಯುವುದು ಎಂದು ಅಕ್ಕನನ್ನು ಯಾರೂ ಯಾವತ್ತೂ ಕರೆದಿರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣಂದಿರ ದಾರಿ ಕಾಯುವಾಗ ಆಕೆ ಅವರ ರವಿಕೆ ಹೊಲಿದು ಕೊಡುತ್ತಿದ್ದಳು. ಈಗ ಹಿತ್ತಲ ಆಚೆಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಆಕೆಗೊಂದು ತವರು ಹುಟ್ಟಿತ್ತು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಲೋಕದ ಎಲ್ಲ ಕೊಟ್ಟ ಹೆಣ್ಣುಮಕ್ಕಳ ಬಿಗುಮಾನವನ್ನೂ ದನಿಗೆ ತಂದುಕೊಂಡು ಹೇಳಿದಳು:

"ಒಳಗೆ ಬಾರಣ್ಣ, ಕುಂದ್ರು. ಆದ್ರೆ ಹಿಂಗೆ ದಿಢೀರ್ ಅಂತ ಕರದ್ರೆ ಮನೆ ಬಿಟ್ಟು ಬರಾಕೆ ಹೆಂಗಾಗ್ತೈತೆ?"